ಕೆಲಸದ ಬೆನ್ನಿಗೆ ಬಂದ ಬೆರಗು

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೇ, ಸಿಮೆಂಟಿನ ಒಂದು ಊರಿದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಅಲ್ಲಿ ಆಳೆತ್ತರದ ಗಂಡಸರು ದನ ಹೊಡೆದುಕೊಂಡು ಹೊರಟಿದ್ದಾರೆ, ಹೆಂಗಸರು ಮನೆಗೆಲಸಕ್ಕೆ ಕೂತಿದ್ದಾರೆ, ಹಿರಿಯರು ಕಟ್ಟೆ ಹಿಡಿದಿದ್ದಾರೆ, ಮಕ್ಕಳು ಆಟದಲ್ಲಿವೆ. ಜನ ಟಿಕೆಟ್ ತೆಗೆಸಿ ಒಳಗೆ ಹೋಗಿ ನೋಡುತ್ತಾರೆ. ನಮ್ಮ ರಟ್ಟೀಹಳ್ಳಿ ಕಡೆಯ ಶಾಲೆಗಳಿಂದಲೂ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುವುದುಂಟು.

ಬಂದವರಲ್ಲಿ ಬಹಳ ಮಂದಿ ನಮ್ಮಂಥ ಊರುಗಳವರೇ. ಅವರ ಮನೆಯಲ್ಲೂ ದನ ಇವೆ, ಕಟ್ಟೆ ಇದೆ, ಕಟ್ಟೆಗೆ ಒರಗಿದ ಅಜ್ಜ ಇದ್ದಾನೆ. ಮನೆಯ ಅಜ್ಜನ ಮುಂದೆ ಹಾದುಹೋಗುವಾಗ ತಿರುಗಿಯೂ ನೋಡದ ಹುಡುಗ ಇಲ್ಲಿ ಸಿಮೆಂಟಿನ ಅಜ್ಜನ ಮುಂದೆ ನಿಂತು ಬಾಯಿ ತೆರೆಯುತ್ತಾನೆ. ‘ಕೈಯಾಗಿನ ನರಾ ಹೆಂಗ ಮಾಡ್ಯಾರ ನೋಡೋ!’ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಸೊಲಬಕ್ಕನವರ ದೊಡ್ಡಾಟದ ಗೀಳಿನವರು, ಹಳ್ಳಿಯ ಬದುಕನ್ನು ಒಳಗಿನಿಂದ ಬಲ್ಲವರು. ದಿನವೂ ಕಾಣುವುದನ್ನು ಒಮ್ಮೆ ಅಲ್ಲಾಡದಂತೆ ನಿಲ್ಲಿಸಿದರೆ ಜನ ತಾವಾಗಿ ನೋಡುತ್ತಾರೆಂದು ಅವರಿಗೆ ಗೊತ್ತಿತ್ತು. 2020ರಲ್ಲಿ ಅವರು ಹೋದರು. ಅವರ ಊರು ಹಾಗೇ ನಿಂತಿದೆ.

ಆಮ್‌ಸ್ಟರ್‌ಡಾಮಿನಲ್ಲೂ ಇದೇ ಕತೆ. ಅಲ್ಲಿಯ ರೈಕ್ಸ್ ಮ್ಯೂಸಿಯಂನಲ್ಲಿ ವರ್ಮೀರ್ ಎಂಬ ಚಿತ್ರಕಾರ 1660ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಎತ್ತರ ಒಂದೂವರೆ ಅಡಿ ಇರಬಹುದು, ಅಷ್ಟೇ. ಅಡುಗೆಮನೆಯಲ್ಲಿ ಒಬ್ಬ ಹೆಣ್ಣುಮಗಳು ಗಡಿಗೆಯಿಂದ ಬೋಗುಣಿಗೆ ಹಾಲು ಹುಯ್ಯುತ್ತಿದ್ದಾಳೆ. ಪಕ್ಕದಲ್ಲಿ ಬ್ರೆಡ್ಡು, ಕಿಟಕಿಯಿಂದ ಬೆಳಕು. ಅವಳು ನಮ್ಮನ್ನು ನೋಡುವುದಿಲ್ಲ, ಅವಳ ಕಣ್ಣೆಲ್ಲ ಹಾಲಿನ ಧಾರೆಯ ಮೇಲೆ. ಜಗತ್ತಿನ ಮೂಲೆಮೂಲೆಯಿಂದ ವಿಮಾನ ಹತ್ತಿ ಬಂದವರು ಆ ಚಿತ್ರದ ಮುಂದೆ ಗುಂಪುಗೂಡುತ್ತಾರೆ. ಹಾಲು ಹುಯ್ಯುವುದನ್ನು ಅವರು ಮನೆಯಲ್ಲಿ ಕಂಡಿರಲಿಲ್ಲವೇ?

ಗೊಟಗೋಡಿಗೆ ಹೋದಾಗ ನಮ್ಮ ಜೊತೆಗೆ ಓಣಿಯ ಒಬ್ಬ ಅಜ್ಜಿ ಬಂದಿದ್ದಳು. ಎಲ್ಲರೂ ಒಂದೊಂದು ಗೊಂಬೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಜ್ಜಿ ಮಾತ್ರ ಕೆಲಸಕ್ಕೆ ಕೂತ ಒಬ್ಬ ಸಿಮೆಂಟಿನ ಹೆಣ್ಣುಮಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಸೆರಗಿನ ಮಡಿಕೆ ನೋಡಿದಳು, ಬಳೆ ನೋಡಿದಳು, ಕಾಲುಂಗುರ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: ‘ಎಲ್ಲಾ ಬರೋಬ್ಬರಿ ಐತಿ. ಆದ್ರ ಈಕಿ ಯಾವಾಗ ಏಳಾಕಿನ ಯವ್ವಾ?’

ಎಲ್ಲರೂ ನಕ್ಕರು. ನನಗೆ ಆ ಪ್ರಶ್ನೆ ಅಂಟಿಕೊಂಡುಬಿಟ್ಟಿತು. ಗೊಂಬೆಯ ಕೆಲಸ ಎಂದೂ ಮುಗಿಯುವುದಿಲ್ಲ. ಮುಗಿಯದ್ದರಿಂದ ಅವಳಿಗೆ ಮುಂದಿನ ಗಳಿಗೆ ಇಲ್ಲ. ಬೆನ್ನು ನೆಟ್ಟಗೆ ಮಾಡಿ ‘ಉಸ್ಸಪ್ಪಾ’ ಅನ್ನುವುದಿಲ್ಲ, ಓಡಿಬಂದ ಮಗುವಿನ ಕೈಗೆ ಏನೂ ಕೊಡುವುದಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿತೆಂದು ಚೀರುವುದಿಲ್ಲ. ಮನೆಯ ಸಂಸಾರದಲ್ಲಿ ನಮಗೆ ಸಿಗುವ ಸಿಹಿಯೆಲ್ಲ ಇಂಥ ಮುಂದಿನ ಗಳಿಗೆಗಳಲ್ಲೇ ಇರುವುದರಿಂದ ಈ ಬಗ್ಗೆ ಸ್ವಲ್ಪ ಯೋಚಿಸಬೇಕೆನಿಸಿತು.

ರೊಟ್ಟಿ ಬಡಿಯುವುದನ್ನೇ ತೆಗೆದುಕೊಳ್ಳೋಣ. ರಟ್ಟೀಹಳ್ಳಿ ಮಲೆನಾಡಿನ ಅಂಚಿಗೆ ಹತ್ತಿರದ ಊರು. ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿ ಶಿಕಾರಿಪುರದ ಮೇಲೆ ಹರಿದುಬರುವ ಕುಮುದ್ವತಿ ಊರ ಮಗ್ಗುಲಿಂದಲೇ ಹಾಯ್ದು ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಭತ್ತದ ಸೀಮೆ ಇಲ್ಲಿಂದ ದೂರವಿಲ್ಲ, ಅನ್ನವೂ ಇಲ್ಲಿಯ ಊಟವೇ. ಆದರೂ ಹೊತ್ತು ಮೂಡಿದ ಮೇಲೆ ಓಣಿಯಲ್ಲಿ ಕೇಳುವುದು ರೊಟ್ಟಿಯ ಸದ್ದು. ಆ ಸದ್ದಿಗೆ ಮನೆಮನೆಯ ಗುರುತಿದೆ. ದೊಡ್ಡವ್ವನದು ನಿಧಾನ, ಪಕ್ಕದ ಮನೆಯ ಹೊಸ ಸೊಸೆಯದು ನಡುನಡುವೆ ತಡೆದು ತಡೆದು. ಅವ್ವನ ಕೈಯ ಸದ್ದು ಜೋರಾಗಿದ್ದರೆ ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲವೆಂದು ಹಾಸಿಗೆಯಲ್ಲೇ ತಿಳಿಯುತ್ತಿತ್ತು. ಅಂಥ ದಿನ ಅಪ್ಪ ಚಹಾ ಕೇಳದೆ ಹೊಲದ ದಾರಿ ಹಿಡಿಯುತ್ತಿದ್ದ.

ಹತ್ತಿರ ಕೂತು ನೋಡಿದವರಿಗೆ ಅದು ಸಣ್ಣ ಕೆಲಸವಲ್ಲ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇದೆ. ಜೋಳದಲ್ಲಿ ಅದಿಲ್ಲ. ತಣ್ಣೀರು ಹಾಕಿ ಕಲಸಿದರೆ ರೊಟ್ಟಿ ಅಂಚಿನಿಂದಲೇ ಬಿರುಕು ಬಿಡುತ್ತದೆ. ಅದಕ್ಕೇ ಕೊಣಮಿಗೆಯಲ್ಲಿ ಹಿಟ್ಟು ಸುರುವಿ, ನಡುವೆ ಕುಳಿ ಮಾಡಿ, ಕುದಿಯುವ ಎಸರು ಹುಯ್ಯುತ್ತಾರೆ. ಹಿಟ್ಟಿನ ಪಿಷ್ಟ ಆ ಬಿಸಿಗೆ ಅರೆಬೆಂದು ಅಂಟಾಗುತ್ತದೆ, ಜಿಗಿ ಬರುತ್ತದೆ. ಆಮೇಲೆ ಅಂಗೈಯ ಬುಡದಿಂದ ನಾದುವುದು, ಉಂಡೆ ಮಾಡುವುದು, ಒಣಹಿಟ್ಟು ಉದುರಿಸಿ ಬಡಿಯುವುದು. ಬಡಿಯುವಾಗ ರೊಟ್ಟಿ ತಾನೇ ಗಿರ್ರನೆ ತಿರುಗುತ್ತದೆ. ತಿರುಗಿಸುವ ಕೈ ಯಾವುದು, ಬಡಿಯುವ ಕೈ ಯಾವುದು ಎಂದು ಇಷ್ಟು ವರ್ಷ ನೋಡಿದರೂ ನನಗೆ ಬಗೆಹರಿದಿಲ್ಲ. ಹಂಚಿಗೆ ಹಾಕಿ, ಮೇಲೆ ಹಸಿ ಅರಿವೆಯಿಂದ ನೀರು ಸವರುತ್ತಾರೆ. ನೀರು ಆರುತ್ತಿದ್ದಂತೆ ಮಗುಚಬೇಕು. ಒಳಗಿನ ತೇವ ಹಬೆಯಾಗಿ ಹೊರಬರಲು ದಾರಿ ಕಾಣದೆ ರೊಟ್ಟಿಯನ್ನು ಎರಡು ಪದರವಾಗಿ ಬಿಡಿಸುತ್ತದೆ. ಆಗ ರೊಟ್ಟಿ ಉಬ್ಬುತ್ತದೆ.

ಎಸರು, ಪಿಷ್ಟ, ಹಬೆ ಎಲ್ಲ ತಿಳಿದ ಮೇಲೂ ರೊಟ್ಟಿ ಉಬ್ಬುವಾಗ ನನ್ನ ಕಣ್ಣು ಬೇರೆ ಕಡೆ ಹೋಗುವುದಿಲ್ಲ. ತಿಳಿವಳಿಕೆಯಿಂದ ಬೆರಗು ಕಡಿಮೆಯಾಗುತ್ತದೆಂದು ಹೇಳುವವರು ಬಹುಶಃ ಹಂಚಿನ ಮುಂದೆ ಕೂತವರಲ್ಲ.

ನಮ್ಮ ಮನೆಯಲ್ಲಿ ಮಕ್ಕಳಿಗೆಂದೇ ಕಡೆಯ ಹಿಟ್ಟಿನಲ್ಲಿ ಅಂಗೈಯಗಲದ ಒಂದು ರೊಟ್ಟಿ ಬಡಿಯುತ್ತಿದ್ದರು. ಅದು ಉಬ್ಬಿದರೆ ಆ ದಿನ ಒಳ್ಳೆಯದಾಗುತ್ತದೆ ಎಂಬುದು ನಾವೇ ಮಾಡಿಕೊಂಡ ಶಾಸ್ತ್ರ. ನಮ್ಮಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೂಗು ಹಂಚಿಗೆ ತಾಗುವಷ್ಟು ಬಾಗಿ ನೋಡುವುದು. ರೊಟ್ಟಿ ಸುಮ್ಮನೆ ಮಲಗಿದೆ.

‘ಯಜ್ಜಿ, ಇದು ಉಬ್ಬತೈತೇನ?’

‘ನೀ ಹಂಗ ದಿಟ್ಟಿಸಿ ನೋಡಾಕತ್ತಿದ್ರ ಅದಕ್ಕೂ ನಾಚಿಕಿ ಬರ್ತೈತಿ. ಆ ಕಟಗಿ ಒಂದೀಟು ಒಳಗ ಸರಸು.’

ಕಟ್ಟಿಗೆ ಸರಿಸಲು ಅತ್ತ ಬಾಗುತ್ತಿದ್ದೆವು. ಇತ್ತ ತಿರುಗುವಷ್ಟರಲ್ಲಿ ರೊಟ್ಟಿ ಉಬ್ಬಿಕೊಂಡಿರುತ್ತಿತ್ತು. ಅಜ್ಜಿ ಏನೂ ಆಗಿಲ್ಲವೆಂಬಂತೆ ಮುಂದಿನ ಉಂಡೆಗೆ ಕೈ ಹಾಕಿರುತ್ತಿದ್ದಳು.

ಅಜ್ಜಿ ನಮ್ಮ ಮೂಗು ಸುಡದಿರಲಿ ಎಂದು ಹಾಗೆ ಹೇಳುತ್ತಿದ್ದಳು, ಬೇರೇನಿಲ್ಲ. ಆದರೂ ಆ ಮಾತಿನಲ್ಲಿ ಮನೆಯ ಸಂತೋಷಗಳ ಗುಟ್ಟು ಇದೆಯೆಂದು ನನಗನ್ನಿಸುತ್ತದೆ. ಅವು ನೇರ ಕಣ್ಣಿಗೆ ಬೀಳುವುದು ಕಡಿಮೆ. ಕೈ ಇನ್ನೊಂದು ಕೆಲಸದಲ್ಲಿದ್ದಾಗ ಬಂದು ಹೋಗುತ್ತವೆ. ಈಗಿನ ತಂದೆತಾಯಿಗಳು ‘ಮಕ್ಕಳಿಗೆ ಟೈಮ್ ಕೊಡಬೇಕು’ ಅನ್ನುತ್ತಾರೆ. ಭಾನುವಾರ ಸಂಜೆ ನಾಲ್ಕರಿಂದ ಆರು ಅಂತ ಗೊತ್ತು ಮಾಡಿ ಎದುರುಬದುರು ಕೂರುತ್ತಾರೆ. ಪಾಪ, ಅವರ ಮನಸ್ಸು ಒಳ್ಳೆಯದೇ. ಆದರೆ ನಡುವೆ ಒಂದು ಕೆಲಸವಿಲ್ಲದೆ ಬರಿಗೈಯಲ್ಲಿ ಕೂತರೆ ಮಗುವಿಗೂ ಮಾತು ಹೊರಡುವುದಿಲ್ಲ, ದೊಡ್ಡವರಿಗೂ ಹೊರಡುವುದಿಲ್ಲ. ‘ಶಾಲಿ ಹೆಂಗ ನಡದೈತಿ?’ ‘ಚಲೋ ಐತಿ.’ ಮುಗಿಯಿತು. ಅದೇ ಮಗುವನ್ನು ಕೂರಿಸಿಕೊಂಡು ಒಂದು ಮೊರ ಶೇಂಗಾ ಮುಂದಿಟ್ಟು ಸುಲಿಯತೊಡಗಿ. ಹತ್ತನೆಯ ಕಾಯಿಗೆ ಯಾರು ಯಾರಿಗೆ ಹೊಡೆದರು, ಯಾವ ಗುರುಗಳು ನಕ್ಕರು, ಯಾರ ಬುತ್ತಿಯಲ್ಲಿ ಏನಿತ್ತು ಎಲ್ಲ ಬರುತ್ತದೆ. ಬೆರಳು ಆಡುತ್ತಿದ್ದರೆ ನಾಲಿಗೆಯ ಗಂಟು ಸಡಿಲವಾಗುತ್ತದೆ.

ಕಾರ್ತಿಕದ ಹೊತ್ತಿಗೆ ನಮ್ಮ ಕಡೆ ರಸ್ತೆಗಳ ಬಣ್ಣ ಬದಲಾಗುತ್ತದೆ. ಹಾವೇರಿ ಜಿಲ್ಲೆಯ ಈ ಭಾಗದಲ್ಲಿ ಈಗ ಗೋವಿನಜೋಳದ್ದೇ ದರಬಾರು. ಡಾಂಬರಿನ ಮೇಲೆ ಹಳದಿ ಕಾಳು ಹರವಿ ಒಣಗಿಸುತ್ತಾರೆ. ವಾಹನದವರಿಗೆ ತೊಂದರೆ, ರೈತನಿಗೆ ಬೇರೆ ಗತಿಯಿಲ್ಲ, ಎರಡೂ ನಿಜ. ಸಂಜೆಗೆ ಅದನ್ನು ಗುಡ್ಡೆ ಮಾಡಿ, ತಾಡಪತ್ರಿ ಮುಚ್ಚಿ, ರಾತ್ರಿ ಯಾರಾದರೂ ಕಾಯಬೇಕು. ಹೀಗೆ ರಾಶಿ ಕಾಯಲು ಹೋದ ಅಪ್ಪ–ಮಗನಿಗೆ ಸಿಗುವ ರಾತ್ರಿ ಬೇರೆ ಯಾವ ನೆಪಕ್ಕೂ ಸಿಗುವುದಿಲ್ಲ. ದಿನವಿಡೀ ಬಿಸಿಲು ಕುಡಿದ ಕಾಳು ಹೊತ್ತು ಮುಳುಗಿದ ಮೇಲೂ ಬೆಚ್ಚಗಿರುತ್ತದೆ. ಹುಡುಗ ತಾಡಪತ್ರಿಯ ಅಂಚೆತ್ತಿ ಮೊಳಕಾಲಿನವರೆಗೆ ಕಾಲು ಕಾಳಿನೊಳಗೆ ಹುಗಿದುಕೊಂಡು ಕೂರುತ್ತಾನೆ. ಮೇಲೆ ಚಳಿ, ಕೆಳಗೆ ಬಿಸಿ. ಮನೆಯಲ್ಲಿ ಹತ್ತು ಮಾತಾಡದ ಅಪ್ಪ ಅಲ್ಲಿ ತನ್ನ ಅಪ್ಪನ ಕತೆ ತೆಗೆಯುತ್ತಾನೆ: ಒಂದು ಹೋರಿ ಹೇಗೆ ಕೈ ತಪ್ಪಿತು, ಯಾವ ವರ್ಷ ಕುಮುದ್ವತಿ ಹೊಲಕ್ಕೆ ನುಗ್ಗಿತು, ಯಾರ ಮದುವೆಗೆ ಯಾರು ಬರಲಿಲ್ಲ. ಆ ಹುಡುಗನಿಗೆ ಇದು ‘ಕೌಟುಂಬಿಕ ಕ್ಷಣ’ ಎಂದು ಯಾರೂ ಹೇಳಿರುವುದಿಲ್ಲ. ಜೋಳ ಕಾಯಲು ಹೋಗಿದ್ದೆ ಎಂದೇ ಅವನು ಮರುದಿನ ಶಾಲೆಯಲ್ಲಿ ಹೇಳುತ್ತಾನೆ.

ಈಗ ಊರಿನ ವಿಷಯಕ್ಕೆ ಬರುತ್ತೇನೆ. ರಟ್ಟೀಹಳ್ಳಿ ಈಚೆಗಷ್ಟೇ ತಾಲ್ಲೂಕು ಕೇಂದ್ರವಾಗಿದೆ. ಅದಕ್ಕೂ ಮುಂಚೆ ಹಿರೇಕೆರೂರು ತಾಲ್ಲೂಕಿಗೆ ಸೇರಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ನಾವು ಧಾರವಾಡದವರು. ಇತಿಹಾಸದ ಪುಸ್ತಕಗಳಲ್ಲಿ ಊರ ಹೆಸರು ಬರುವುದು ಒಂದು ಯುದ್ಧಕ್ಕಾಗಿ. 1764ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯಕ್ಕೂ ಹೈದರಾಲಿಯ ಸೈನ್ಯಕ್ಕೂ ಇಲ್ಲೇ ಕಾಳಗ ನಡೆದು ಹೈದರ ಸೋತ. ಪುಸ್ತಕ ಅಷ್ಟು ಹೇಳಿ ಮುಂದಿನ ಯುದ್ಧಕ್ಕೆ ಹೋಗುತ್ತದೆ. ಆ ದಿನ ಊರಿನ ಎಷ್ಟು ಮನೆಯಲ್ಲಿ ಒಲೆ ಹೊತ್ತಲಿಲ್ಲ, ಮಕ್ಕಳನ್ನು ಎಲ್ಲಿ ಬಚ್ಚಿಟ್ಟರು, ಸೈನ್ಯ ಹೋದ ಮೇಲೆ ಮೊದಲ ರೊಟ್ಟಿಯ ಸದ್ದು ಯಾವ ಓಣಿಯಿಂದ ಬಂತು, ಇವು ಯಾವ ಬಖೈರಿನ ಕೆಲಸವೂ ಅಲ್ಲ. ಆದರೆ ಆ ಸದ್ದು ಬಂದಿರಲೇಬೇಕು. ಇಲ್ಲವಾದರೆ ಊರು ಉಳಿಯುತ್ತಿರಲಿಲ್ಲ.

ವೀರಗಲ್ಲುಗಳೂ ಹೀಗೇ. ಈ ಸೀಮೆಯಲ್ಲಿ ಅವಕ್ಕೆ ಬರಗಾಲವಿಲ್ಲ. ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ಕೆಲವು ಕಡೆ ಬಚ್ಚಲ ಕಲ್ಲಾಗಿಯೂ ಸಿಗುತ್ತವೆ. ಕೆಳಗಿನ ಅಂಕಣದಲ್ಲಿ ಕಾಳಗ. ಎಷ್ಟೋ ಸಲ ತುರುಗಳನ್ನು ಬಿಡಿಸಿಕೊಂಡು ಬರುವಾಗ ಆದದ್ದು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಕೈಲಾಸ. ಅವನು ಸತ್ತ ದಿನ ಕಲ್ಲಿಗೇರಿತು. ಅದಕ್ಕೂ ಮುಂಚೆ ದಿನಾ ಸಂಜೆ ಅವೇ ತುರುಗಳನ್ನು ಹೊಡೆದುಕೊಂಡು ಬಂದು, ಕಾಲಿಗೆ ನೀರು ಹುಯ್ದುಕೊಂಡು, ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡದ್ದಕ್ಕೆ ಅಂಕಣ ಇಲ್ಲ. ಸಾಯುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಆದರೆ ಅವನು ಯಾವುದನ್ನು ಉಳಿಸಲು ಸತ್ತನೋ ಅದನ್ನು ಕೆತ್ತಲಿಲ್ಲ ಎಂಬುದು ನನ್ನ ತಕರಾರು.

ಶಾಸನಗಳು ಇದಕ್ಕೆ ಸ್ವಲ್ಪ ಹೊರತು. ಊರಿನಲ್ಲಿ ಚಾಲುಕ್ಯರ ಕಾಲದ ಕದಂಬೇಶ್ವರ ಗುಡಿ ಇದೆ, ಮೂರು ಗರ್ಭಗುಡಿಗಳದು. ಅದರ ನೆರಳಿನಲ್ಲಿ ಕೂತಾಗಲೆಲ್ಲ ಹಳೆಯ ದಾನಶಾಸನಗಳ ರೀತಿ ನೆನಪಾಗುತ್ತದೆ. ಮೊದಲು ರಾಜನ ಬಿರುದುಗಳ ದೊಡ್ಡ ಮೆರವಣಿಗೆ, ಸಾಮಂತನ ಪ್ರತಾಪ, ತಿಥಿ, ವಾರ, ಗ್ರಹಣ. ಇಷ್ಟೆಲ್ಲ ಆದ ಮೇಲೆ ಕೊಟ್ಟದ್ದು ಏನೆಂದು ಕಣ್ಣಾಡಿಸಿದರೆ, ಎಷ್ಟೋ ಶಾಸನಗಳಲ್ಲಿ ಗಾಣದಿಂದ ನಂದಾದೀವಿಗೆಗೆ ಒಂದಿಷ್ಟು ಎಣ್ಣೆ. ಅದು ಚಂದ್ರಸೂರ್ಯರಿರುವ ತನಕ ನಡೆಯಬೇಕು, ಕೆಡಿಸಿದವನಿಗೆ ಕವಿಲೆಯನ್ನು ಕೊಂದ ಪಾಪ. ಕಲ್ಲು, ಬಿರುದು, ಶಾಪ ಎಲ್ಲವೂ ಸೇರಿ ಕಾವಲು ನಿಂತದ್ದು ಒಂದು ಸಣ್ಣ ಕೆಲಸಕ್ಕೆ: ದಿನಾ ಸಂಜೆ ಯಾರೋ ಒಬ್ಬ ಬಂದು ಬತ್ತಿ ತೀಡಿ ಎಣ್ಣೆ ಹುಯ್ಯಬೇಕು. ಚಂದ್ರಸೂರ್ಯರ ಕೆಲಸವನ್ನು ಆ ಹೆಸರಿಲ್ಲದವನ ಕೈಗೆ ಒಪ್ಪಿಸಿದರಲ್ಲ, ಆ ಕಾಲದವರ ನಂಬಿಕೆ ದೊಡ್ಡದು.

ಮನೆಯ ಸಣ್ಣ ಸುಖಕ್ಕೆ ಈ ನೆಲದಲ್ಲಿ ನಿಜವಾಗಿ ಮಾತು ಕೊಟ್ಟವನು ಸರ್ವಜ್ಞ. ಅಬಲೂರು, ಮಾಸೂರು ಎರಡೂ ಅವನನ್ನು ನಮ್ಮವನೆನ್ನುತ್ತವೆ. ಎರಡೂ ನಮ್ಮ ನೆರೆಹೊರೆ, ಹಾಗಾಗಿ ನಾವೂ ಅನ್ನುತ್ತೇವೆ. ಬೆಚ್ಚನೆಯ ಮನೆ, ಖರ್ಚಿಗೆ ನಾಲ್ಕು ಕಾಸು, ಮನಸ್ಸರಿತು ನಡೆವ ಹೆಂಡತಿ ಇದ್ದರೆ ಸ್ವರ್ಗ ಯಾರಿಗೆ ಬೇಕು ಎಂದ ಅವನ ತ್ರಿಪದಿ ಗೊತ್ತಿಲ್ಲದ ಕನ್ನಡಿಗನಿಲ್ಲ. ಮದುವೆಯ ಕರೆಯೋಲೆಯಿಂದ ಹಿಡಿದು ಗೃಹಪ್ರವೇಶದ ಫಲಕದವರೆಗೆ ಅದನ್ನು ಬಳಸಿ ಸವೆಸಿದ್ದೇವೆ. ಆದರೆ ಅದನ್ನು ಹೇಳಿದವನು ಮನೆಮಠವಿಲ್ಲದೆ ಊರೂರು ತಿರುಗಿದವನು ಎಂಬುದನ್ನು ಮರೆಯುತ್ತೇವೆ. ಜಗಲಿಯ ಮೇಲೆ ರಾತ್ರಿ ಕಳೆಯುವವನಿಗೆ ಮುಚ್ಚಿದ ಬಾಗಿಲಿನ ಸಂದಿಯಿಂದ ಬರುವ ಬೆಳಕು, ಒಗ್ಗರಣೆಯ ಘಮ, ಮಗುವನ್ನು ಗದರುವ ದನಿ ಎಷ್ಟು ಚೆನ್ನಾಗಿ ಕೇಳಿರಬೇಕು! ಒಳಗಿದ್ದವರಿಗೆ ಅದು ಕೇಳಿಸಲಿಲ್ಲ. ಹೊರಗಿದ್ದವನು ಪದ ಕಟ್ಟಿದ.

ಇಲ್ಲಿ ಒಂದು ಮಾತನ್ನು ನುಂಗಿಕೊಂಡು ಮುಂದೆ ಹೋಗಲಾರೆ. ಕೆಲಸದ ಜೊತೆಗೆ ಬೆರಗು ಬರುತ್ತದೆ ಎಂದು ಬರೆಯುವುದು ನನಗೆ ಸುಲಭ, ಏಕೆಂದರೆ ರೊಟ್ಟಿ ಬಡಿದವನು ನಾನಲ್ಲ. ಕೂತು ಉಬ್ಬುವುದನ್ನು ನೋಡಿದವನು. ಹೊಗೆಗೆ ಕಣ್ಣು ಕೆಂಪಾದದ್ದು ಅಜ್ಜಿಗೆ, ಸೊಂಟ ಹಿಡಿದದ್ದು ಅವ್ವನಿಗೆ. ಗ್ಯಾಸ್ ಬಂದು ಕಟ್ಟಿಗೆ ಒಲೆ ಹಿತ್ತಲಿಗೆ ಹೋದದ್ದು ಒಳ್ಳೆಯದೇ ಆಯಿತು. ‘ಹಂಚಿನ ರೊಟ್ಟಿ ರುಚೀನ ಬ್ಯಾರೆ’ ಎಂದು ನಿಟ್ಟುಸಿರು ಬಿಡುವ ಗಂಡಸರಿಗೆ ಒಂದು ಚೀಲ ಹಸಿ ಕಟ್ಟಿಗೆ ಕೊಟ್ಟು ಊದುಗೊಳವೆ ಹಿಡಿಸಬೇಕು.

ಹಾಗಂತ ಆ ಹೆಂಗಸರು ಬರೀ ದುಡಿದರು, ಬೆರಗೆಲ್ಲ ನೋಡುತ್ತ ಕೂತವರ ಪಾಲಾಯಿತು ಎಂದರೆ ಅದೂ ಪೂರ್ತಿ ನಿಜವಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹ ಹೊರತಂದಾಗ ಓದುಬರಹ ಬಲ್ಲ ಕನ್ನಡಿಗರು ಬೆಚ್ಚಿ ನೋಡಿದರು. ಬೀಸುವ ಕಲ್ಲಿನ ಮುಂದೆ, ಕೋಳಿ ಕೂಗುವ ಮೊದಲೇ ಎದ್ದು ಕೂತ ಹೆಂಗಸರು ಕಟ್ಟಿದ ತ್ರಿಪದಿಗಳು ಅವು. ಅವುಗಳಲ್ಲಿ ತೊಟ್ಟಿಲ ಕೂಸಿದೆ, ತವರಿನ ದಾರಿಯಿದೆ, ಅಣ್ಣನ ಬರವಿಗೆ ಕಾಯುವ ಕಣ್ಣಿದೆ. ಬಲಗೈ ಗೂಟ ಹಿಡಿದು ತಿರುಗಿಸುತ್ತಿರುವಾಗ, ಎಡಗೈ ಕಾಳು ಹಾಕುತ್ತಿರುವಾಗ ಬಾಯಿ ತನ್ನಷ್ಟಕ್ಕೆ ಮಗುವಿನ ಅಂದವನ್ನು ಹಾಡಿತು. ಕೆಲಸ ಭಾರವಾಗಿತ್ತು, ಹಾಡು ಬಂತು. ಒಂದರಿಂದ ಇನ್ನೊಂದು ಹಗುರಾಯಿತೆಂದು ಹೇಳುವ ಧೈರ್ಯ ನನಗಿಲ್ಲ. ಎರಡೂ ಒಟ್ಟಿಗೇ ಇದ್ದವು ಎಂದಷ್ಟೇ ಹೇಳಬಲ್ಲೆ.

ಶಿಶುವಿನಹಾಳದ ಶರೀಫರೂ ನಮ್ಮ ಜಿಲ್ಲೆಯವರೇ, ಶಿಗ್ಗಾಂವಿ ತಾಲ್ಲೂಕಿನವರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರಿಗೆ ಮಾಳಿಗೆ ಸೋರುವುದೂ ಪದವಾಯಿತು. ಅವರು ಅದರ ಹಿಂದೆ ಕಂಡದ್ದು ಬೇರೆ ಸಂಗತಿ, ಬಲ್ಲವರು ಅರ್ಥ ಬಿಡಿಸುತ್ತಾರೆ. ನನಗೆ ಮೆಚ್ಚಿಗೆಯಾಗುವುದು ಅರ್ಥಕ್ಕಿಂತ ಮೊದಲಿನ ಗಳಿಗೆ. ಮಳೆ ಬಂದಿದೆ, ಮಣ್ಣಿನ ಮಾಳಿಗೆ ತೊಟ್ಟಿಕ್ಕುತ್ತಿದೆ, ಮನೆಯವರು ಅಲ್ಲಿ ಪಾತ್ರೆ ಇಡು ಇಲ್ಲಿ ಪಾತ್ರೆ ಇಡು ಎಂದು ಓಡಾಡುತ್ತಿದ್ದಾರೆ. ನಮ್ಮ ಮನೆಯಲ್ಲೂ ಮಳೆಗಾಲದ ಆ ಓಡಾಟ ಇತ್ತು. ಹಿತ್ತಾಳೆ ಕೊಡದ ಮೇಲೆ ಬಿದ್ದ ಹನಿಯ ಸದ್ದು ಬೇರೆ, ಜರ್ಮನ್ ಪಾತ್ರೆಯದು ಬೇರೆ. ನಾವು ಮಕ್ಕಳು ಕತ್ತಲಲ್ಲಿ ಮಲಗಿ ಯಾವುದು ಯಾವುದೆಂದು ಪಂಥ ಕಟ್ಟುತ್ತಿದ್ದೆವು. ಅಪ್ಪನ ತಲೆಯಲ್ಲಿ ಆಗ ಏನಿತ್ತೋ. ಮೇಲ್ಮುದ್ದೆಯ ಖರ್ಚೇ ಇರಬೇಕು.

ಮಣ್ಣಿನ ಮಾತು ಬಂತಲ್ಲ, ಮಣ್ಣೆತ್ತಿನ ಅಮಾವಾಸ್ಯೆಯನ್ನು ಬಿಡಲಾಗದು. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳಿಗೆ ಸಿಂಗಾರ. ಹದಿನೈದು ದಿನ ಕಳೆದು ಬರುವ ಅಮಾವಾಸ್ಯೆ ಮಕ್ಕಳ ಎತ್ತುಗಳದು. ಜಿಗುಟು ಮಣ್ಣು ತಂದು ಎತ್ತು ಮಾಡುವುದು, ಮುಂದೆ ಗ್ವಾದಲಿ ಮಾಡುವುದು, ಕಣ್ಣಿಗೆ ಕಾಳು ಒತ್ತುವುದು. ಒಂದರ ಕೋಡು ನೆಟ್ಟಗಿದ್ದರೆ ಇನ್ನೊಂದರದು ಸೊಟ್ಟ. ಅಪ್ಪ ಬಂದು ‘ಇದು ಎತ್ತೋ, ಕತ್ತಿಯೋ?’ ಎಂದು ಕೇಳಿ, ಅಳು ಬರುವ ಮೊದಲೇ ಕೂತು ಒಂದು ಕೋಡು ತಿದ್ದಿ ಕೊಡುತ್ತಾನೆ. ಹೊಲದಿಂದ ದಣಿದು ಬಂದವನು ಮಣ್ಣಿನ ಎತ್ತಿನ ಹಿಣಿಲು ಸರಿಮಾಡಲು ಅಷ್ಟೊತ್ತು ಕೂರುತ್ತಾನೆ. ಅವನಿಗೂ ಅದು ಬೇಕಾಗಿರುತ್ತದೆ. ಪೂಜೆ ಆಗುತ್ತದೆ, ಎಡೆ ಆಗುತ್ತದೆ. ಆಮೇಲೆ ಮುಂಗಾರು ಜೋರಾಗಿ ಎತ್ತುಗಳೆಲ್ಲ ಕರಗಿ ಹೋಗುತ್ತವೆ. ಕರಗಿತೆಂದು ಅತ್ತ ಮಗುವನ್ನು ನಾನು ಕಂಡಿಲ್ಲ. ಮುಂದಿನ ವರ್ಷ ಮಣ್ಣು ಇದ್ದೇ ಇರುತ್ತದೆ.

ಈಚೆಗೆ ಮೊಬೈಲಿನಲ್ಲಿ ಎತ್ತಿನ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಬೆಂಗಳೂರಿನ ಚಿಗವ್ವ ಎರಡು ಹೂವು, ಒಂದು ನಮಸ್ಕಾರ ಕಳಿಸುತ್ತಾಳೆ. ಇದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ದೂರದಲ್ಲಿರುವವಳಿಗೆ ಅಷ್ಟಾದರೂ ಸಿಕ್ಕಿತು. ತೊಂದರೆ ಆಗುವುದು ಫೋಟೊ ತೆಗೆಯುವುದೇ ಕೆಲಸವಾದಾಗ. ‘ತಡಿ, ಕೋಡು ಹಚ್ಚಬ್ಯಾಡ, ಈ ಕಡೆ ನೋಡು, ನಗು’ ಎಂದರೆ ಮಗುವಿನ ಕೈ ನಿಂತುಬಿಡುತ್ತದೆ, ಮಣ್ಣು ಆರಿ ಬಿರಿಯುತ್ತದೆ.

ಹಳೆಯ ಕೆಲಸಗಳು ಮನೆಯಿಂದ ಹೊರಟುಹೋದವು, ಹೀಗಾಗಿ ಸುಖವೂ ಹೋಯಿತು ಎಂದು ಅಳುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಹಿಟ್ಟು ಗಿರಣಿಗೆ ಹೋಯಿತು, ಶ್ಯಾವಿಗೆ ಮಷಿನ್ನಿಗೆ ಹೋಯಿತು, ಕಟಕ್ ರೊಟ್ಟಿ ಅಂಗಡಿಯ ಪ್ಲಾಸ್ಟಿಕ್ಕಿಗೆ ಬಂತು. ಆದರೆ ಹೊಸ ಕೆಲಸಗಳೂ ಬಂದಿವೆ. ‘ನಳಾ ಬಂತೂ!’ ಎಂಬ ಕೂಗು ಬಿದ್ದರೆ ಈಗಲೂ ಇಡೀ ಮನೆ ಒಂದು ಸೈನ್ಯ. ಓದುವ ಮಗಳು ಪುಸ್ತಕ ಬಿಟ್ಟು ಕೊಡ ಹಿಡಿಯುತ್ತಾಳೆ, ಅಳಿಯನೆಂಬ ಮರ್ಯಾದೆ ಬದಿಗಿಟ್ಟು ಬೀಗರ ಮನೆಯವನೂ ಪೈಪು ಹಿಡಿಯುತ್ತಾನೆ, ಅಜ್ಜ ಕೂತಲ್ಲಿಂದಲೇ ‘ಟಾಕಿ ತುಂಬಿತು, ಟಾಕಿ ತುಂಬಿತು’ ಎಂದು ತುಂಬುವ ಮೊದಲೇ ಕೂಗುತ್ತಾನೆ. ಎಲ್ಲರೂ ತೊಯ್ದು, ಒಬ್ಬರ ಮೇಲೊಬ್ಬರು ರೇಗಿ, ಕೊನೆಗೆ ನಗು. ಅಜ್ಜನಿಗೆ ಪಿಂಚಣಿಯ ಮೆಸೇಜು ಓದಿಹೇಳುವ ಮೊಮ್ಮಗಳು, ಅವಳಿಗೆ ಓಟಿಪಿ ಹೇಳುವಾಗ ಪ್ರತಿ ಅಂಕಿಗೂ ನಿಂತು ಕನ್ನಡಕ ಸರಿಮಾಡುವ ಅಜ್ಜ. ಇದನ್ನು ಹಾಡಾಗಿ ಕಟ್ಟುವವರು ಇನ್ನೂ ಹುಟ್ಟಿಲ್ಲ, ಅಷ್ಟೇ.

ದೀಪಾವಳಿಯ ಮುಂದೆ ನಮ್ಮ ಕಡೆ ಹೋರಿಗೆ ಮಾಡುವ ಆರೈಕೆಯನ್ನೂ ಹೇಳಬಹುದಿತ್ತು. ಕೊಬ್ಬರಿ ಸರ ಕಟ್ಟಿಸಿಕೊಂಡು, ಬಲೂನು ಜೂಲದಲ್ಲಿ ಮೆರೆದು ಅದು ಓಡುವುದು ಕೆಲವೇ ಉಸಿರಿನ ಹೊತ್ತು. ಅದಕ್ಕಾಗಿ ಮನೆಯವರು ಅದರ ಮೈ ತಿಕ್ಕಿದ್ದು, ಹುರಳಿ ಬೇಯಿಸಿದ್ದು, ಹೆಸರು ಹಿಡಿದು ಮಾತಾಡಿಸಿದ್ದು ವರ್ಷಗಟ್ಟಲೆ. ಜನ ಓಟ ನೋಡಲು ಸೇರುತ್ತಾರೆ. ಹೋರಿಯ ಮನೆಯವರನ್ನು ಕೇಳಿದರೆ ತಿಕ್ಕಿದ್ದರ ಬಗ್ಗೆಯೇ ಹೆಚ್ಚು ಹೇಳುತ್ತಾರೆ.

ನನ್ನ ಲೆಕ್ಕದಲ್ಲಿ ಇವೆಲ್ಲಕ್ಕೂ ಮಿಗಿಲಾದದ್ದು ಬುತ್ತಿ. ಧಾರವಾಡ, ಹುಬ್ಬಳ್ಳಿಯ ಕಡೆ ಹಳ್ಳಿಯಿಂದ ಓದಲು ಹೋದ ಮಕ್ಕಳಿಗೆ ಊರಿನ ಬಸ್ಸಿನಲ್ಲಿ ಬುತ್ತಿ ಕಳಿಸುವ ರೂಢಿ ಇತ್ತು. ಈಗ ಕಡಿಮೆಯಾದರೂ ಪೂರ್ತಿ ಹೋಗಿಲ್ಲ. ಅರಿವೆಯ ಗಂಟಿನಲ್ಲಿ ರೊಟ್ಟಿ, ಡಬ್ಬಿಯಲ್ಲಿ ಪಲ್ಯ, ಮೇಲೆ ಒಂದು ಗುರುತು. ಡ್ರೈವರ್ ತನ್ನ ಪಕ್ಕಕ್ಕೆ ಸಾಲಾಗಿ ಇಟ್ಟುಕೊಳ್ಳುತ್ತಿದ್ದ, ಹುಡುಗರು ನಿಲ್ದಾಣದಲ್ಲಿ ಕಾದು ತಮ್ಮ ತಮ್ಮದು ಎತ್ತಿಕೊಳ್ಳುತ್ತಿದ್ದರು. ನಮ್ಮಣ್ಣ ರಾಣೆಬೆನ್ನೂರಿನಲ್ಲಿ ಓದುವಾಗ ಬೆಳಗಿನ ಬಸ್ಸಿಗೆ ಅವನ ಬುತ್ತಿ. ಆ ಬಸ್ಸಿನ ಹೊತ್ತಿಗೆ ಹೊಂದಿಕೊಂಡೇ ಮನೆಯ ದಿನ ಶುರುವಾಗುತ್ತಿತ್ತು. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ಬರುತ್ತಿತ್ತು. ಅವ್ವ ಅದರ ಮುಚ್ಚಳ ತೆಗೆದು ಒಳಗೆ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಡಬ್ಬಿ ಓದುತ್ತಿದ್ದಳು. ಪಲ್ಯ ತಳದಲ್ಲಿ ಉಳಿದಿದ್ದರೆ ‘ಮೈಯಾಗ ಆರಾಮಿಲ್ಲ ಕಾಣತೈತಿ.’ ನೆಕ್ಕಿದ ಹಾಗೆ ಸಾಫಾಗಿದ್ದರೆ ‘ಸಾಲಾಂಗಿಲ್ಲ, ನಾಳೆ ಎರಡು ರೊಟ್ಟಿ ಹೆಚ್ಚಿಗಿ ಇಡಬೇಕು.’ ತೊಳೆದು ಕಳಿಸಿದ ದಿನ ಮಾತ್ರ ಅವಳಿಗೆ ಸಿಟ್ಟು. ತೊಳೆದ ಡಬ್ಬಿಯಲ್ಲಿ ಏನೂ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಡಬ್ಬಿ ಭಾರವಾಗಿ ಬಂತು. ಅವ್ವನ ಮುಖ ಸಣ್ಣಗಾಯಿತು, ಉಣ್ಣದೇ ಹಾಗೇ ಕಳಿಸಿದ್ದಾನೆಂದು. ಮುಚ್ಚಳ ತೆಗೆದರೆ ಪೇಪರಿನಲ್ಲಿ ಸುತ್ತಿದ ಒಂದು ಮಿರ್ಚಿ ಭಜಿ. ಪರೀಕ್ಷೆ ಮುಗಿಯಿತೆಂದು ಹುಡುಗರೆಲ್ಲ ಅಂಗಡಿಗೆ ಹೋಗಿದ್ದರಂತೆ. ಒಂದನ್ನು ಮನೆಗೆ ಹಾಕಿದ್ದಾನೆ. ಬಸ್ಸಿನ ಸೆಕೆಗೆ ಮೆತ್ತಗಾಗಿ, ಪೇಪರಿನ ಅಕ್ಷರ ಮೈಗೆ ಅಚ್ಚಾಗಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ‘ಡಬ್ಬಿಗೆಲ್ಲಾ ಎಣ್ಣಿ ಹಚ್ಯಾನ, ಇದನ್ಯಾರು ತಿಕ್ಕಬೇಕೋ’ ಎಂದು ಬೈದಳು. ಆಮೇಲೆ ತಾಟಿನಲ್ಲಿಟ್ಟು ಚಾಕುವಿನಿಂದ ತುಂಡು ಮಾಡಿ ಅಜ್ಜಿಗೊಂದು, ಅಪ್ಪನಿಗೊಂದು, ನನಗೊಂದು, ತಂಗಿಗೊಂದು ಕೊಟ್ಟಳು. ತಂಗಿಗೆ ಮೆಣಸಿನಕಾಯಿಯ ತುದಿ ಇಲ್ಲದ ದೊಡ್ಡ ತುಂಡು ಹೋಯಿತೆಂದು ನಾನು ಜಗಳ ತೆಗೆದೆ. ಅಪ್ಪ ತನ್ನದನ್ನು ನನ್ನ ಕಡೆ ಸರಿಸಿದ. ಅದು ಇನ್ನೂ ಖಾರವಾಗಿತ್ತು.